ಮಕ್ಕಳ ಮೇಜು

ಥೆಸಲೊನೀಕಿ
ಅಕ್ಟೋಬರ್ ೪

ಅಪ್ಪಾ,

ಕಿತ್ತಳೆ ಹೂವಿನ ಸಿಹಿ ತಲುಪಿತು. ಅರ್ಧ ಪಾಕವನ್ನು ಪೊಟ್ಟಣದ ಕಾಗದಕ್ಕೇ ಕುಡಿಸಿ ಕಳಿಸಿದ್ದೀಯ. ಉಳಿದದ್ದನ್ನು ನಿನ್ನ ಮೊಮ್ಮಗಳು ಮಾರ್ಕೆಲ್ಲ ಚಮಚ ಬಿಟ್ಟು ಬೆರಳಿನಲ್ಲೇ ಮುಗಿಸಿದಳು.

ಮೊನ್ನೆ ಫೋನಿನಲ್ಲಿ ನಾನು ಜ್ವರ ಬಿಟ್ಟಿತೇ ಎಂದು ಕೇಳಿದರೆ ನೀನು ದೋಣಿ ತಡವಾಗಿ ಬಂತು ಎಂದೆ. ಅದಕ್ಕೇ ಮತ್ತೆ ಕಾಗದ ಹಿಡಿದು ಕೂತಿದ್ದೇನೆ. ನೀನು ಹಡಗಿನಲ್ಲಿದ್ದ ಕಾಲದಿಂದಲೂ ನಮ್ಮಿಬ್ಬರ ಮಾತು ನೆಟ್ಟಗೆ ನಡೆದದ್ದು ಕಾಗದದಲ್ಲಿ ಮಾತ್ರ. ಜ್ವರ ಬಿಟ್ಟಿತೇ? ಇದಕ್ಕಾದರೂ ಸರಿಯಾಗಿ ಉತ್ತರ ಬರೆ.

ಇಲ್ಲಿ ನನ್ನ ತಲೆಗೊಂದು ಹೊಸ ಕೆಲಸ ಕಟ್ಟಿದ್ದಾರೆ. ಮಾರ್ಕೆಲ್ಲಳ ಶಾಲೆಯಲ್ಲಿ ಮಧ್ಯಾಹ್ನ ಊಟದ ಮೇಲೆ ಉಳಿಯುವ ಮಕ್ಕಳಿಗೆ ಮಳೆ ಬಂದರೆ ಆಡಲು ಜಾಗವಿಲ್ಲ. ಮುಖ್ಯೋಪಾಧ್ಯಾಯಿನಿ ಯಾವುದೋ ಆಟದ ಜಾಲತಾಣ ಹುಡುಕಿದ್ದಾರೆ, 'ಅಂಗಳ' ಅಂತ ಅದರ ಹೆಸರು. ನೀವು ಬಂದರಿನಲ್ಲಿ ದಾಳ ಹಾಕಿ ಕಾಯಿ ಹೊಡೆಯುವ ತಾವ್ಲಿ, ಚದುರಂಗ, ಬೇರೆ ಹಲಗೆಯಾಟಗಳೆಲ್ಲ ಟ್ಯಾಬ್ಲೆಟ್ಟಿನ ಒಳಗೇ. ಮೂರನೇ ತರಗತಿಗೆಂದು ಬೇರೆಯದೇ 'ಮಕ್ಕಳ ಮೇಜು' ಹಾಕಿಕೊಟ್ಟಿದ್ದಾರೆ. ತರಗತಿಯ ಗುಪ್ತಪದ ಗೊತ್ತಿರುವ ಮಕ್ಕಳಷ್ಟೇ ಅಲ್ಲಿ ಕೂರಬಹುದು, ಆಡುತ್ತಾ ಒಬ್ಬರಿಗೊಬ್ಬರು ಮಾತು ಬರೆದುಕೊಳ್ಳಬಹುದು. ಸ್ವಲ್ಪ ಕಾಲ ಆಡಿಸಿ ನೋಡಿ ಆಮೇಲೆ ಶಾಲೆ ಅದನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನ. ಆ ತೀರ್ಮಾನ ಬರೆಯಬೇಕಾದವಳು ನಾನು. ಪೋಷಕರ ಸಂಘದಲ್ಲಿ ಎಲ್ಲರೂ ಒಂದೇ ಬಾಯಲ್ಲಿ, "ನಗರಸಭೆಯ ಉಯ್ಯಾಲೆ, ಜಾರುಬಂಡೆ ಎಲ್ಲಾ ಪರೀಕ್ಷೆ ಮಾಡೋಳು ನೀನೇ ತಾನೆ, ಇದನ್ನೂ ನೋಡಿಬಿಡು" ಎಂದರು.

ನೋಡುತ್ತಿದ್ದೇನೆ. ಪಾರ್ಕಿನಲ್ಲಿ ನಾನು ಮಗುವಿನ ತಲೆಯಷ್ಟು ದಪ್ಪದ ಮರದ ಅಚ್ಚು ಹಿಡಿದುಕೊಂಡು ಕಂಬಿಗಳ ನಡುವೆ ತೂರಿಸಿ ನೋಡುತ್ತೇನೆ. ತಲೆ ಹೋಗಿ ಸಿಕ್ಕಿಕೊಳ್ಳುವಂತಿದ್ದರೆ ಅದನ್ನು ಬಿಚ್ಚಿಸುತ್ತೇನೆ. ಇಲ್ಲಿ ಅಂಥ ಸಂದು ಎಲ್ಲಿದೆ ಎಂಬುದೇ ತಿಳಿಯುತ್ತಿಲ್ಲ. ದುಡ್ಡು ಕೇಳುವುದಿಲ್ಲ. ಜಾಹೀರಾತು ಇಲ್ಲ. ಮಾರ್ಕೆಲ್ಲ ಸಂಜೆಯೆಲ್ಲ ಕೋಣೆಯಲ್ಲಿ ಒಬ್ಬಳೇ ಕೂತು ಕಿಲಕಿಲ ನಗುತ್ತಿರುತ್ತಾಳೆ. ಯಾರ ಜೊತೆ ಎಂದರೆ "ಕ್ಲಾಸಿನವರ ಜೊತೆ" ಎನ್ನುತ್ತಾಳೆ.

ಸಂತ ದಿಮಿತ್ರಿಯ ಹಬ್ಬಕ್ಕಾದರೂ ಬಾ. ಕಿವಿಯ ಯಂತ್ರವನ್ನು ಡ್ರಾಯರಿನಿಂದ ತೆಗೆದು ಕಿವಿಗೆ ಹಾಕಿಕೊಂಡೇ ಬಾ.

ನಿನ್ನ
ಯಸೆಮಿ


ಕಾರ್ಡಾಮಿಲ, ಕಿಯೋಸ್ ದ್ವೀಪ
ಅಕ್ಟೋಬರ್ ೧೩

ಯಸೆಮಿ, ನನ್ನ ತಾಯಿ,

ಜ್ವರ ಬಿಟ್ಟಿದೆ. ದೋಣಿಯೂ ತಡವಾಗಿಯೇ ಬಂದಿತ್ತು, ಅದೂ ಸುಳ್ಳಲ್ಲ.

ಹಬ್ಬಕ್ಕೆ ಬರುವುದಿಲ್ಲ. ನಿಮ್ಮ ಮನೆಯ ಊಟದ ಮೇಜಿನಲ್ಲಿ ಎಲ್ಲರ ಬಾಯಿ ಆಡುತ್ತಿರುತ್ತದೆ, ನಾನು ಎಲ್ಲದಕ್ಕೂ ತಲೆ ಆಡಿಸುತ್ತಿರುತ್ತೇನೆ. ಹೋದ ಈಸ್ಟರಿನಲ್ಲಿ ನಿನ್ನ ಗಂಡ ಏನೋ ಕೇಳಿದ, ನಾನು ನಗುನಗುತ್ತಾ ಹೌದೆಂದೆ. ತನ್ನಮ್ಮ ಮಾಡಿದ ಕುರಿಮಾಂಸ ಗಟ್ಟಿಯಾಗಿದೆಯಾ ಎಂದು ಅವನು ಕೇಳಿದ್ದನಂತೆ. ಆ ಹೆಂಗಸು ಇನ್ನೂ ನನಗೆ ಹಬ್ಬದ ಕಾರ್ಡು ಕಳಿಸಿಲ್ಲ. ಕಿವಿಯ ಯಂತ್ರ ಹಾಕಿಕೊಂಡರೆ ಮಾತು ಕೇಳುವುದಿಲ್ಲ, ಚಮಚ ತಟ್ಟೆಗಳ ಸದ್ದು ಮಾತ್ರ ತಲೆಯೊಳಗೆ ನುಗ್ಗುತ್ತದೆ. ಎಂಜಿನ್ ಕೋಣೆಯಲ್ಲಿ ಒಂದು ಜೀವಮಾನಕ್ಕಾಗುವಷ್ಟು ಗದ್ದಲ ಕೇಳಿಯಾಗಿದೆ. ಇನ್ನು ಬೇಡ.

ನೀನು ಹೇಳಿದ ಆಟದ ವಿಷಯ. ನನ್ನನ್ನು ಕೇಳಿದರೆ ಅದು ಒಳ್ಳೆಯದೇ. ದಾಳದಲ್ಲಿ ಮೋಸವಿಲ್ಲ. ಜೋಡಿ ಆರು ಎಷ್ಟು ಬೀಳಬೇಕೋ ಅಷ್ಟೇ ಬೀಳುತ್ತದೆ. ಸೋತ ಮಗುವಿಗೆ ಅವಮಾನ ಮಾಡುವ ಬೊಂಬೆಗಳೂ ಕುಣಿಯುವುದಿಲ್ಲ. ಒಂದೇ ಕೊರತೆ: ಈಗಿನ ಮಕ್ಕಳಿಗೆ ಕಾಲೆಳೆಯುವುದು ಗೊತ್ತಿಲ್ಲ, ಬಾಯಿ ಮುಚ್ಚಿಕೊಂಡು ಆಡುತ್ತವೆ. ಬಾಯಿ ಮುಚ್ಚಿಕೊಂಡು ಆಡಿದರೆ ಅದೇನು ತಾವ್ಲಿ? ಯಾರಾದರೂ ಹೇಳಿಕೊಡಬೇಕು.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳಬೇಡ. ಬಂದರಿನ ಕಾಫಿ ಅಂಗಡಿಯಲ್ಲಿ ಯಾರೋ ಮಾತಾಡುತ್ತಿದ್ದರು.

ಅಪ್ಪ
ಇಸಿಡೊರೊಸ್


ಥೆಸಲೊನೀಕಿ
ನವೆಂಬರ್ ೨

ಅಪ್ಪಾ,

ಕಾಫಿ ಅಂಗಡಿಯಲ್ಲಿ ಯಾರೋ ಮಾತಾಡುತ್ತಿದ್ದರು, ಅದು ನಿನಗೆ ಕೇಳಿಸಿತು. ಓದುವಾಗಲೇ ನನಗೆ ಹೊಳೆಯಬೇಕಿತ್ತು.

ನಿನ್ನೆ ಸಂಘಕ್ಕೆ ಒಂದು ದೂರು ಬಂತು. ದೋಮ್ನಾ ಎನ್ನುವ ಹುಡುಗಿ ಮಾರ್ಕೆಲ್ಲಳ ತರಗತಿಯವಳು. ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸು, ಒಬ್ಬರೇ ಮಗಳನ್ನು ಸಾಕುತ್ತಿದ್ದಾರೆ. ಮಗಳ ಟ್ಯಾಬ್ಲೆಟ್ಟಿನಲ್ಲಿ ಕಂಡ ಮಾತುಗಳನ್ನೆಲ್ಲ ಅವರು ನಕಲು ಮಾಡಿ ತಂದಿದ್ದರು. ಮಕ್ಕಳ ಮೇಜಿನಲ್ಲಿ 'ಮುಖ್ಯ ಎಂಜಿನಿಯರ್' ಎಂಬ ಹೆಸರಿನ, ಒಂಬತ್ತು ವರ್ಷದವನೆಂದು ಹೇಳಿಕೊಂಡ ಒಬ್ಬ ಇದ್ದಾನೆ. ತರಗತಿಯಲ್ಲಿ ಅಂಥ ಮಗು ಯಾರೂ ಇಲ್ಲ. ಅವನು ಬರೆದದ್ದು ಹೀಗಿದೆ.

"ಏನಮ್ಮಾ, ಕಾಯಿ ನಡೆಸ್ತಿದೀಯೋ ಮೇಕೆ ಮೇಯಿಸ್ತಿದೀಯೋ? ಬೇಗ ಆಡು, ನನ್ನ ಗಡ್ಡ ಬೆಳೀತಾ ಇದೆ."

"ನೀನು ಯಾರ ಮಗಳು? ಅಪ್ಪನ ಊರು ಯಾವುದು, ಅಮ್ಮನ ಊರು ಯಾವುದು?"

"ಮನೇಲಿ ಯಾರ್ಯಾರಿದೀರಿ? ಅಮ್ಮ ಎಷ್ಟೊತ್ತಿಗೆ ಬರ್ತಾಳೆ? ಅಲ್ಲೀತನಕ ಒಬ್ಳೇನಾ? ಅಯ್ಯೋ ಕಂದಾ."

"ಯಾವ ಬೀದಿ ಹೇಳು, ಸಿಹಿ ಕಳಿಸ್ತೀನಿ. ಅಮ್ಮನಿಗೆ ಹೇಳ್ಬೇಡ, ಹೇಳಿದ್ರೆ ಎಲ್ಲಾ ಅವಳೇ ತಿಂದ್ಬಿಡ್ತಾಳೆ!"

ಅಪ್ಪಾ, ಇವನನ್ನು ಹಿಡಿದು ಜೈಲಿಗೆ ಹಾಕಿಸಬೇಕು ಎಂದುಕೊಂಡೇ ಓದುತ್ತಿದ್ದೆ. ಪೊಲೀಸರಿಗೆ ಫೋನ್ ಮಾಡೋಣವೆಂದು ದೋಮ್ನಾಳ ತಾಯಿಗೆ ನಾನೇ ಹೇಳಿದೆ. ಮುಂದಿನ ಸಾಲಿನಲ್ಲಿ ಬಂತು, "ಕಿತ್ತಳೆ ಹೂವಿನ ಸಿಹಿ, ನಾನೇ ಮಾಡಿದ್ದು, ಒಂದು ಚಮಚ ಬಾಯಿಗಿಟ್ರೆ ತಲೆಯೊಳಗಿನ ಗಂಟೆಗಳೂ ಬಾರಿಸ್ತವೆ." ತಲೆಯೊಳಗಿನ ಗಂಟೆ ಬಾರಿಸುವ ಸಿಹಿ ಮಾಡುವವನು ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ.

ಮಾರ್ಕೆಲ್ಲಳನ್ನು ಕೂರಿಸಿ ಕೇಳಿದೆ. ಆಗಸ್ಟಿನಲ್ಲಿ ಅಲ್ಲಿಗೆ ಬಂದಾಗ ಅವಳ ಹಳೆಯ ಟ್ಯಾಬ್ಲೆಟ್ಟನ್ನು ನಿನ್ನ ಬಳಿ ಬಿಟ್ಟು ಬಂದಳಂತೆ. ಗುಪ್ತಪದ ಬರೆದು ಕಳಿಸಿದ್ದೂ ಅವಳೇ, ವಯಸ್ಸು ಒಂಬತ್ತು ಎಂದು ತುಂಬಲು ಹೇಳಿಕೊಟ್ಟಿದ್ದೂ ಅವಳೇ. "ದೊಡ್ಡೋರನ್ನ ಆ ಮೇಜಿಗೆ ಬಿಡಲ್ಲ ಅಮ್ಮ, ಮತ್ತಿನ್ನೇನು ಮಾಡ್ಲಿ?" ಎಂದು ನನ್ನನ್ನೇ ಕೇಳುತ್ತಾಳೆ.

ನಾನು ಇನ್ನೂ ಯಾರಿಗೂ ಹೇಳಿಲ್ಲ. ಪೊಲೀಸರ ಮಾತನ್ನು ಸ್ವಲ್ಪ ದಿನ ತಡೆಯಿರಿ ಎಂದು ಏನೇನೋ ನೆಪ ಹೇಳಿ ಬಂದಿದ್ದೇನೆ. ದೋಮ್ನಾಳ ತಾಯಿ ನನ್ನ ಮುಖವನ್ನೇ ನೋಡುತ್ತಿದ್ದರು. ನನಗೆ ನಾಚಿಕೆಯಾಗುತ್ತಿದೆ, ನಿನ್ನ ಮೇಲೆ ಸಿಟ್ಟೂ ಬರುತ್ತಿದೆ. ನಡುವೆ ಒಂದೊಂದು ಸಾಲಿಗೆ ನಗುವೂ ಬಂದುಬಿಡುತ್ತದೆ, ಅದಕ್ಕೆ ಇನ್ನಷ್ಟು ಸಿಟ್ಟು. ಏನು ಹೇಳುತ್ತೀಯೋ ಹೇಳು.

ಯಸೆಮಿ


ಕಾರ್ಡಾಮಿಲ
ನವೆಂಬರ್ ೧೧

ಯಸೆಮಿ,

ಪೊಲೀಸರಂತೆ! ಕರೆಸು, ಕಾಫಿ ಮಾಡಿಡುತ್ತೇನೆ.

ಮಗುವೊಂದು ಎದುರಿಗೆ ಬಂದರೆ ಯಾರ ಮಗು ಎಂದು ಕೇಳುವುದು ಯಾವತ್ತಿನಿಂದ ಅಪರಾಧವಾಯಿತು? ನಿನ್ನನ್ನು ಈ ಬಂದರಿನಲ್ಲಿ ಎಷ್ಟು ಮುದುಕರು ನಿಲ್ಲಿಸಿ ಕೇಳಿಲ್ಲ? ನೀನು ಕಲ್ಲಿನ ಮೇಲೆ ಬಿದ್ದು ಮೊಣಕಾಲು ಒಡೆದುಕೊಂಡ ದಿನ ನಿಮ್ಮಮ್ಮನ ಹತ್ತಿರ ಹೊತ್ತು ತಂದವನಿಗೆ ನೀನು ಯಾರ ಮಗಳೆಂದು ಗೊತ್ತಿದ್ದದ್ದರಿಂದಲೇ ಮನೆ ಸಿಕ್ಕಿತು. ನಾನು ಆಗ ಸಿಂಗಪುರದಲ್ಲಿದ್ದೆ, ಇದನ್ನೂ ಕಾಗದದಲ್ಲೇ ಓದಿದ್ದು. ನಮ್ಮಲ್ಲಿ ಮಗುವನ್ನು ಕಂಡೂ ಏನೂ ಕೇಳದೆ ಹೋಗುವವನ ಮೇಲೆ ಅನುಮಾನ ಪಡುತ್ತಾರೆ. ಅಮ್ಮನಿಗೆ ಹೇಳಬೇಡ ಎಂದದ್ದು ತಮಾಷೆ. ಅದೂ ಅರ್ಥವಾಗುವುದಿಲ್ಲವೇ ಆ ಊರಿನವರಿಗೆ?

ಮೊಮ್ಮಗಳ ಆಟ ಮುಗಿದ ಮೇಲೆ ಪಕ್ಕದ ಮಕ್ಕಳ ಹಲಗೆಗೆ ಹೋಗಿ ಕೂತೆ, ನಿಜ. ಕಾಫಿ ಅಂಗಡಿಯಲ್ಲಿ ಒಂದು ಹಲಗೆಯ ಸುತ್ತ ಆಡುವವರು ಇಬ್ಬರು, ಬಾಯಿ ಹಾಕುವವರು ಹತ್ತು ಜನ. ದೋಮ್ನಾ ಎರಡು ಕಾಯಿ ಒಟ್ಟಿಗಿಟ್ಟು ಬಾಗಿಲು ಕಟ್ಟುವುದನ್ನೇ ಕಲಿತಿರಲಿಲ್ಲ, ಒಂಟಿ ಕಾಯಿಗಳನ್ನು ಎಲ್ಲೆಂದರಲ್ಲಿ ಬಿಟ್ಟು ಹೊಡೆಸಿಕೊಳ್ಳುತ್ತಿದ್ದಳು. ಈಗ ನೋಡು ಹೇಗೆ ಆಡುತ್ತಾಳೆ. ಒಳ್ಳೆಯ ಮಗು, ಪಾಪ, ಸಂಜೆಯೆಲ್ಲ ಒಬ್ಬಳೇ ಇರುತ್ತಾಳೆ.

ಈಗ ನಾನು ಹೇಳುವುದನ್ನು ಸಮಾಧಾನದಿಂದ ಓದು. ಮಾರ್ಕೆಲ್ಲ ಹುಟ್ಟುವ ಹೊತ್ತಿಗೆ ನನ್ನ ಕಿವಿ ಹೋಗಿಯಾಗಿತ್ತು. ಅವಳ ದನಿ ಹೇಗಿದೆಯೆಂದು ನನಗೆ ಗೊತ್ತಿಲ್ಲ. ಬೇಸಿಗೆಗೆ ಬಂದಾಗ ಮುತ್ತು ಕೊಡುತ್ತಾಳೆ, ಸಮುದ್ರಕ್ಕೆ ಓಡುತ್ತಾಳೆ, ಅಷ್ಟೇ. ನಿನ್ನ ಮಗಳು ತಮಾಷೆಯವಳು ಎಂದು ನನಗೆ ಈ ಅಕ್ಟೋಬರಿನ ತನಕ ತಿಳಿದಿರಲಿಲ್ಲ. ಮೊನ್ನೆ ನನ್ನ ಕಾಯಿ ಹೊಡೆದು ಏನು ಬರೆದಳು ಗೊತ್ತೇ? "ಅಜ್ಜಾ, ನಿನ್ನ ಕಾಯಿ ಬಾಗಿಲಲ್ಲಿ ಅಳ್ತಾ ನಿಂತಿದೆ, ಮೂಗು ಒರೆಸ್ಲಾ?" ನಾನು ಅಡುಗೆಮನೆಯಲ್ಲಿ ಒಬ್ಬನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವಳು ನಿಮ್ಮಮ್ಮನ ಹೆಸರಿನವಳಷ್ಟೇ ಅಲ್ಲ, ನಾಲಿಗೆಯೂ ಅವಳದ್ದೇ.

ಅದನ್ನು ಮುಚ್ಚಿಸಬೇಡ. ಮುಚ್ಚಿಸಿದರೆ ನಾನು ಮತ್ತೆ ತಲೆ ಆಡಿಸುವ ಮುದುಕ.

ಅಪ್ಪ


ಥೆಸಲೊನೀಕಿ
ನವೆಂಬರ್ ೨೦

ಅಪ್ಪಾ,

ನಿನ್ನ ಕಾಗದ ಓದಿ ಅತ್ತೆ. ವರದಿಯಲ್ಲಿ ಈ ವಿಷಯವನ್ನು ಹೇಗಾದರೂ ಮಾಡಿ ತೇಲಿಸಿಬಿಡೋಣ ಎಂದುಕೊಂಡು ದೋಮ್ನಾಳ ಮನೆಗೆ ಹೋದೆ. ತಾಯಿ ಬಾಗಿಲು ತೆರೆದು ಕುರ್ಚಿ ಕೊಟ್ಟರು. ದೂರಿನಲ್ಲಿ ಬರೆಯದಿದ್ದ ಒಂದು ಮಾತು ಆಗ ಹೊರಬಿತ್ತು.

ನೀನು ಸಿಹಿ ಕಳಿಸುತ್ತೇನೆ ಎಂದ ಮೇಲೆ ಆ ಮಗು ದಿನಾ ಶಾಲೆಯಿಂದ ಬಂದು ಕಾಯುತ್ತಿತ್ತಂತೆ. ಒಂದು ಸಂಜೆ ಕಟ್ಟಡದ ಕೆಳಬಾಗಿಲಿನ ಗಂಟೆ ಬಾರಿಸಿತು. ಜಾಹೀರಾತಿನ ಕಾಗದ ಹಂಚುವವನು, ಯಾರಾದರೂ ತೆರೆದಾರೆಂದು ಎಲ್ಲಾ ಗಂಟೆಗಳನ್ನೂ ಒತ್ತುತ್ತಾರಲ್ಲ, ಅಂಥವನು. ಇವಳು ಓಡಿಹೋಗಿ ಬಾಗಿಲು ತೆರೆದು, "ಎಂಜಿನಿಯರ್ ಕಳಿಸಿದ್ದಾ? ಬನ್ನಿ, ಅಮ್ಮ ಇಲ್ಲ" ಎಂದು ಅವನ ಕೈ ಹಿಡಿದು ಮೇಲಿನ ಮನೆಯ ತನಕ ಕರೆದುಕೊಂಡು ಹೋದಳು. ಆ ಮನುಷ್ಯ ಹೆದರಿ, ಅವಳನ್ನು ಒಳಗೆ ಬಿಟ್ಟು ಬಾಗಿಲು ಹಾಕಿಸಿ, ಕೆಳಗಿನ ಬೇಕರಿಯವಳಿಗೆ ಹೇಳಿ ಹೋದ. ತಾಯಿಗೆ ಗೊತ್ತಾದದ್ದು ಹಾಗೆ. ಏನೂ ಆಗಲಿಲ್ಲ. ಬಂದವನು ಒಳ್ಳೆಯವನಾಗಿದ್ದ, ಅಷ್ಟೇ.

ಇದನ್ನು ಹೇಳುವಾಗ ಅವರು ಕಿರುಚಲಿಲ್ಲ. "ನನ್ನ ಪಾಳಿ ಬದಲಾಯಿಸ್ಕೊಳೋಕಾಗಲ್ಲ ರೀ, ಆಗಿದ್ರೆ ಮನೇಲೇ ಇರ್ತಿದ್ದೆ" ಎಂದು ನನಗೆ ಸಮಜಾಯಿಷಿ ಕೊಡುತ್ತಿದ್ದರು. ನನಗೆ, ಅಪ್ಪ!

ಬಂದರಿನಲ್ಲಿ ನೀನು ಕೇಳಿದರೆ ಮಗುವಿಗೆ ನಿನ್ನ ಮುಖ ಕಾಣುತ್ತದೆ. ಸುತ್ತ ಹತ್ತು ಜನ ನಿನ್ನನ್ನು ಬಲ್ಲವರಿರುತ್ತಾರೆ. ಇಲ್ಲಿ ನೀನು ಬರೀ ಅಕ್ಷರ. ನಾಳೆ ಇನ್ನೊಬ್ಬ ಇದೇ ಅಕ್ಷರಗಳನ್ನು ಬರೆದರೆ ಆ ಮಗು ಅವನಿಗೂ ಬಾಗಿಲು ತೆರೆಯುತ್ತದೆ, ಯಾಕೆಂದರೆ ಮೊದಲನೆಯವನು ಒಳ್ಳೆಯವನಾಗಿದ್ದ. ನಾನು ಹುಡುಕುತ್ತಿದ್ದ ಸಂದು ಇದೇ. ಒಂದು ಮಗು ಗುಪ್ತಪದ ಬರೆದು ಕಳಿಸಿದರೆ ಸಾಕು, ಎಪ್ಪತ್ತು ದಾಟಿದವನು ಒಂಬತ್ತರವನಾಗಿ ಒಳಗೆ ಕೂರಬಹುದು.

ಬೇಡವೆಂದೇ ವರದಿ ಬರೆಯುತ್ತೇನೆ. ನಿನ್ನ ಹೆಸರು ಹಾಕದೆಯೂ ಬರೆಯಬಹುದು, ಯಾರೋ ಹೊರಗಿನವರು ಎಂದರೆ ಮುಗಿಯಿತು. ಇನ್ನೂ ತೀರ್ಮಾನ ಮಾಡಿಲ್ಲ.

ಯಸೆಮಿ


ಕಾರ್ಡಾಮಿಲ
ನವೆಂಬರ್ ೨೯

ಯಸೆಮಿ,

ಹೆಸರು ಹಾಕು. ಊರನ್ನೂ ಹಾಕು.

ಯಾರೋ ಹೊರಗಿನವನು ಎಂದರೆ ಆ ತಾಯಿ ಬೀದಿಯಲ್ಲಿ ಕಂಡವರನ್ನೆಲ್ಲ ಅವನೇ ಇರಬಹುದೆಂದು ನೋಡುತ್ತಾ ಬದುಕಬೇಕಾಗುತ್ತದೆ. ಅವರಿಗೆ ಬೇರೆ ಕಾಗದ ಬರೆದು ಇದರೊಳಗೇ ಇಟ್ಟಿದ್ದೇನೆ. ಮೊದಲು ನೀನು ಓದಿ ನೋಡಿ ಕೊಡು. ನನಗೆ ತಮಾಷೆ ಎನಿಸಿದ್ದು ಬೇರೆಯವರಿಗೆ ಹೇಗೆ ಕಾಣುತ್ತದೋ, ಈಗ ನನಗೆ ನಂಬಿಕೆಯಿಲ್ಲ.

ಟ್ಯಾಬ್ಲೆಟ್ಟನ್ನು ಆರಿಸಿ ಬೀರುವಿನ ಮೇಲಿಟ್ಟಿದ್ದೇನೆ. ಆ ಮಗು ಬಾಗಿಲಲ್ಲಿ ನಿಂತದ್ದು ಕಣ್ಣಿಗೆ ಕಟ್ಟಿದ ಹಾಗಿದೆ, ಊಟ ಸೇರುತ್ತಿಲ್ಲ. ಮಾರ್ಕೆಲ್ಲ ನಿನ್ನ ಮೇಲೆ ಹಾರಾಡಿದರೆ ಅಜ್ಜನೇ ಒಪ್ಪಿದ ಎಂದು ಹೇಳು.

ಅಪ್ಪ


ಥೆಸಲೊನೀಕಿ
ಡಿಸೆಂಬರ್ ೧೮

ಅಪ್ಪಾ,

ಸಭೆ ಮುಗಿಯಿತು. ಆಟಗಳು ಒಳ್ಳೆಯವು, ದಾಳ ಪ್ರಾಮಾಣಿಕ, ಮಕ್ಕಳು ಸೋಲುವುದನ್ನು ಕಲಿತಿದ್ದಾರೆ ಎಂದೆ. ಆದರೆ ಬಾಗಿಲಿಗೆ ಚಿಲಕವಿಲ್ಲ, ತರಗತಿಯ ಮೇಜು ಬೇಡ ಎಂದೆ. ಒಳಗೆ ಬಂದವರು ಕಾರ್ಡಾಮಿಲದ ಇಸಿಡೊರೊಸ್, ನನ್ನ ತಂದೆ ಎಂದೂ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ, "ಉಯ್ಯಾಲೆ ನೋಡೋಳ ಮನೇಲೇ ಮೊಳೆ ಸಡಿಲ" ಎಂದ. ಕೆಲವರು ನಕ್ಕರು.

ದೋಮ್ನಾಳ ತಾಯಿ ನಗಲಿಲ್ಲ. ಹೊರಗೆ ಬಂದ ಮೇಲೆ ನಿನ್ನ ಕಾಗದ ಕೊಟ್ಟೆ. ನಿಂತಲ್ಲೇ ಓದಿ ಮಡಚಿ ಚೀಲದಲ್ಲಿಟ್ಟುಕೊಂಡರು. "ನಂಗಿನ್ನೂ ಕೋಪ ಹೋಗಿಲ್ಲ. ಆದ್ರೆ ಅವರು ಯಾರು ಅಂತ ಗೊತ್ತಾಯ್ತಲ್ಲ, ನಿದ್ದೆ ಬರತ್ತೆ" ಎಂದರು.

ಆಟದ ತಾಣದವರಿಗೂ ಬರೆದಿದ್ದೆ. ಅವರಲ್ಲಿ ಇಬ್ಬರೇ ಕೂರುವ, ಬೇರೆ ಯಾರೂ ಬರಲಾಗದ ಮೇಜು ಇದೆಯಂತೆ. ನೀನು ನಿನ್ನ ನಿಜವಾದ ವಯಸ್ಸು ಹಾಕಿ ಕೂರಬಹುದು. ಆದರೆ ಮನೆಯ ದೊಡ್ಡವರೊಬ್ಬರು ಒಪ್ಪಿಗೆ ಕೊಡಬೇಕು, ಅವರಿಗೆ ಅಲ್ಲಿನ ಮಾತೆಲ್ಲ ಕಾಣುತ್ತದೆ. ಅಂದರೆ ನಾನು ಓದುತ್ತೇನೆ. ನಿನಗೆ ಇದು ಹಿಡಿಸುವುದಿಲ್ಲ ಎಂದು ಗೊತ್ತು. ಮಾರ್ಕೆಲ್ಲಳಂತೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಉಪ್ಪು ಬೇಕಾದರೆ ಅಪ್ಪನನ್ನು ಕೇಳುತ್ತಾಳೆ.

ಯೋಚಿಸಿ ಬರೆ.

ಯಸೆಮಿ


ಕಾರ್ಡಾಮಿಲ
ಜನವರಿ ೪

ಯಸೆಮಿ,

ಮೊಮ್ಮಗಳ ಜೊತೆ ಆಡುವುದಕ್ಕೆ ಮಗಳ ಕಾವಲು! ಕಾಫಿ ಅಂಗಡಿಯವರಿಗೆ ಹೇಳಿದೆ, ಎರಡು ದಿನ ನಕ್ಕರು. ಒಬ್ಬನಂತೂ, "ಜೈಲಿನಲ್ಲೂ ಭೇಟಿಗೆ ಬಂದೋರ್ನ ಇಷ್ಟು ಕಾಯಲ್ಲ ಕಣೋ" ಎಂದು ಬರೆದು ತೋರಿಸಿದ.

ಹಬ್ಬದ ದಿನಗಳೆಲ್ಲ ಬೀರುವಿನ ಮೇಲಿದ್ದ ಟ್ಯಾಬ್ಲೆಟ್ಟನ್ನೇ ನೋಡುತ್ತಾ ಕಳೆದೆ. ಆಗಲಿ, ಓದು. ನಿನಗೆ ಬೇಜಾರಾಗದಿದ್ದರೆ ಸಾಕು.

ಅಪ್ಪ


ಥೆಸಲೊನೀಕಿ
ಫೆಬ್ರವರಿ ೨೬

ಅಪ್ಪಾ,

ಬೇಜಾರಾಗಿಲ್ಲ. ಮೊದಲ ವಾರ ಪರೀಕ್ಷಕಿಯ ಹಾಗೆ ಓದಿದೆ. ಈಗ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವಾಗ ಓದುತ್ತೇನೆ, ಪಕ್ಕದಲ್ಲಿ ಕೂತವರು ನನ್ನ ನಗು ನೋಡಿ ಸರಿದು ಕೂರುತ್ತಾರೆ. ನಿನ್ನನ್ನು ಅವಳು "ತುಕ್ಕು ಹಿಡಿದ ಹಡಗು" ಎಂದು ಕರೆದದ್ದಕ್ಕೆ ಗದರಬೇಕೆಂದಿದ್ದೆ, ಆಗಲಿಲ್ಲ.

ನಿನ್ನೆಯದನ್ನು ಇವತ್ತು ಬೆಳಿಗ್ಗೆ ಓದಿದೆ.

"ಅಜ್ಜಾ, ಅಮ್ಮ ಚಿಕ್ಕೋಳಿದ್ದಾಗ ನಿನ್ನನ್ನ ಸೋಲಿಸ್ತಿದ್ಲಾ?"

"ಇಲ್ಲ. ನಿಮ್ಮಮ್ಮನ ಜೊತೆ ನಾನು ಆಡೇ ಇಲ್ಲ."

"ಯಾಕೆ, ಜಗಳಾನಾ?"

"ಜಗಳ ಆಡೋಕೂ ಮನೇಲಿರ್ಬೇಕಲ್ಲ. ನಾನು ಹಡಗಿಂದ ಬಂದಾಗೆಲ್ಲ ಬಾಗಿಲು ತೆಗೀತಿದ್ದಿದ್ದು ಬೇರೆ ಹುಡುಗಿ. ಹೋದ್ಸಲ ನೋಡಿದೋಳಿಗಿಂತ ಉದ್ದ. ಪರಿಚಯ ಆಗೋಷ್ಟರಲ್ಲಿ ಹಡಗು ಹೊರಡೋದು."

"ಪಾಪ ಅಮ್ಮ."

"ಪಾಪ ನಾನು ಕಣೆ. ಅವಳಿಗೆ ಅವಳಮ್ಮನಾದ್ರೂ ಇದ್ಲು."

"ಅಜ್ಜಾ, ಅಮ್ಮ ಇದನ್ನೆಲ್ಲಾ ಓದ್ತಾಳೆ, ಗೊತ್ತಲ್ಲ?"

"ಗೊತ್ತು. ಓದ್ಲಿ ಅಂತಾನೇ ಬರೀತಿದೀನಿ. ನಿನ್ನ ಸರದಿ, ಆಡು."

ನನ್ನ ನಿಲ್ದಾಣ ದಾಟಿಹೋಯಿತು. ಇಳಿದು ಹಿಂದಕ್ಕೆ ನಡೆದು ಬಂದೆ. ಪಾರ್ಕಿನಲ್ಲಿ ಪರೀಕ್ಷೆ ಮಾಡಬೇಕಿದ್ದ ಹೊಸ ಉಯ್ಯಾಲೆಯ ಮೇಲೆ ಕೂತು ಮತ್ತೆ ಓದಿದೆ. ಇಷ್ಟು ವರ್ಷ ನನಗೆ ಬಂದ ನಿನ್ನ ಕಾಗದಗಳಲ್ಲಿ ಹವಾಮಾನ ಇತ್ತು, ಬಂದರುಗಳ ಹೆಸರಿತ್ತು, ಚೆನ್ನಾಗಿ ಓದು ಎಂಬುದಿತ್ತು. ಇದು ಇರಲಿಲ್ಲ. ನಾನೂ ಕೇಳಲಿಲ್ಲ ಎನ್ನುವುದೂ ನಿಜ.

ಮಾರ್ಕೆಲ್ಲ ಭಾನುವಾರ ಬೆಳಿಗ್ಗೆ ಈಜು ಕಲಿಯಲು ಹೋಗುತ್ತಾಳೆ, ಅವಳಪ್ಪನೇ ಕರೆದೊಯ್ಯುತ್ತಾನೆ. ಆಗ ನಮ್ಮಿಬ್ಬರದೇ ಬೇರೊಂದು ಮೇಜು ಹಾಕಿ ಅವಳ ಜಾಗದಲ್ಲಿ ನಾನು ಕೂತಿರುತ್ತೇನೆ. ಕಾಯಿಗಳನ್ನು ಅದೇ ಜೋಡಿಸಿ ಕೊಡುತ್ತದೆ, ಅಷ್ಟು ನೋಡಿದ್ದೇನೆ. ಮುಂದೇನು ಮಾಡಬೇಕೆಂದು ನನಗೆ ಗೊತ್ತಿಲ್ಲ, ಅಪ್ಪ. ನೀನು ನಿಧಾನವಾಗಿ ಹೇಳಿಕೊಡಬೇಕು. ಆ ಮಾತನ್ನು ಬೇರೆ ಯಾರೂ ಓದುವುದಿಲ್ಲ.

ನಿನ್ನ
ಯಸೆಮಿ